ಜಪಾನ್ ಜ್ವರ

ವಿಡಿಯೋದ ಸಂಗತಿ ಕಾಂತಿಗೆ ಗೊತ್ತಾದದ್ದು ಬಂಟ್ವಾಳದಲ್ಲಿ, ಗಂಡನ ಕಡೆಯ ಒಂದು ಸೀಮಂತದ ಊಟದ ಪಂಕ್ತಿಯಲ್ಲಿ. ಅಷ್ಟರೊಳಗೆ ಅದನ್ನು ಅವಳ ಗಂಡ ನೋಡಿಯಾಗಿತ್ತು, ಸೋದರಮಾವ ನೋಡಿಯಾಗಿತ್ತು, ಬೆಳ್ತಂಗಡಿ ಪೇಟೆಯ ಅರ್ಧ ಜನ ನೋಡಿಯಾಗಿತ್ತು. ಎದುರು ಸಾಲಿನ ಇಬ್ಬರು ಹುಡುಗಿಯರು ಒಂದೇ ಮೊಬೈಲಿಗೆ ತಲೆ ಕೊಟ್ಟು ನಗುವುದು, ಕಣ್ಣೆತ್ತಿ ಕಾಂತಿಯನ್ನು ನೋಡುವುದು, ಬಾಯಿಗೆ ಕೈ ಅಡ್ಡ ಹಿಡಿಯುವುದು ನಡೆದಿತ್ತು. ಸೆರಗು ಜಾರಿದೆಯೇನೋ ಎಂದು ಅವಳು ಮುಟ್ಟಿ ನೋಡಿಕೊಂಡಳು. ಪಕ್ಕದ ಎಲೆಯಲ್ಲಿದ್ದ ಕುಸುಮ, ಗಂಡನ ದೊಡ್ಡಪ್ಪನ ಸೊಸೆ, ಪಾಯಸಕ್ಕೆ ಹಪ್ಪಳ ಪುಡಿ ಮಾಡುತ್ತಾ ಕೇಳಿದಳು:

"ಕಾಂತಿಯಕ್ಕ, ನಿಮಗೆ ಜಪಾನ್ ಜ್ವರ ಅಂತೆ, ಹೌದಾ?"

"ಎಂತ ಜ್ವರ?"

"ನಿಮ್ಮ ಮಗ ರೋಹಿತ್ ವಿಡಿಯೋ ಹಾಕಿದ್ದಾನಲ್ಲ. ನಮ್ಮಲ್ಲಿ ಮಕ್ಕಳು ಅದನ್ನೇ ನೋಡಿ ನೋಡಿ ನಗಾಡ್ತಾರೆ."

ಕೈ ತೊಳೆದ ಮೇಲೆ ಕುಸುಮಳ ಮೊಬೈಲಿನಲ್ಲಿ ಕಾಂತಿ ಅದನ್ನು ನೋಡಿದಳು. ಅವಳದೇ ಅಡಿಗೆಕೋಣೆ. ಬಣ್ಣ ಹೋದ ಹಸಿರು ನೈಟಿ. ಬಿಚ್ಚಿಹೋದ ತುರುಬು, ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಸಟ್ಟುಗ. ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾ ಸಟ್ಟುಗವನ್ನೇ ಮೈಕಿನಂತೆ ಬಾಯಿಯ ಹತ್ತಿರ ಹಿಡಿದು ಏನೋ ಕಿರುಚುತ್ತಿದ್ದಳು. ಹಿಂದೆ ಕಾವಲಿಯಲ್ಲಿ ದೋಸೆ ಕರಟಿ ಹೊಗೆ ಏಳುತ್ತಿತ್ತು. ಅವಳ ಸ್ವರ ಅದರಲ್ಲಿ ಇರಲಿಲ್ಲ. ಅದರ ಬದಲು ಯಾರೋ ಹೊಟ್ಟೆ ಹಿಡಿದು ನಗುವ ಸದ್ದು ಹಾಕಿದ್ದರು. ಕೊನೆಗೆ ಕ್ಯಾಮೆರಾ ಹತ್ತಿರ ಬಂದು ಬೆನ್ನಿನ ಮೇಲೆ ನೈಟಿ ಬೆವರಿಗೆ ಅಂಟಿಕೊಂಡ ಜಾಗದಲ್ಲಿ ನಿಂತಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಅಮ್ಮನಿಗೆ ಜಪಾನ್ ಜ್ವರ.

"ಒಳ್ಳೆ ಮಾಡಿದ್ದಾನೆ ಅಲ್ವಾ?" ಎಂದಳು ಕುಸುಮ.

ಕಾಂತಿ ಮೊಬೈಲ್ ಹಿಂದಕ್ಕೆ ಕೊಟ್ಟಳು. ಅವಳ ಕಿವಿ ಬಿಸಿಯಾಗಿ, ಆ ಬಿಸಿ ಕುತ್ತಿಗೆಗೆ ಇಳಿದು, ಎದೆಯೆಲ್ಲ ಬೆಂಕಿಯಾಯಿತು. ಆದರೆ ಈ ಬೆಂಕಿ ಎರಡು ವರ್ಷದಿಂದ ಅವಳಿಗೆ ಅಭ್ಯಾಸವಾಗಿದ್ದ ಬೆಂಕಿಯಲ್ಲ.

ಆ ಹಳೆಯ ಬೆಂಕಿ ಶುರುವಾದದ್ದು ನಲವತ್ತೇಳು ತುಂಬಿದ ಮೇಲೆ. ಅಕ್ಕಿ ಕಡೆಯಲು ಹಾಕಿ ನಿಂತಿರುವಾಗ, ಬಸ್ಸಿನಲ್ಲಿ ಕೂತಿರುವಾಗ, ಯಾರ ಹತ್ತಿರವೋ ಮಾತಾಡುತ್ತಿರುವಾಗ ಒಳಗಿನಿಂದ ಯಾರೋ ಒಲೆ ಹಚ್ಚಿದ ಹಾಗೆ ಆಗುವುದು. ನಿದ್ದೆ ಬಾರದು. ಸಣ್ಣದಕ್ಕೆಲ್ಲ ಸಿಟ್ಟು. ಪೇಟೆಯ ಡಾಕ್ಟರು, "ಪ್ರಾಯದ್ದು, ಸ್ವಲ್ಪ ಸಹಿಸಿಕೊಳ್ಳಿ" ಎಂದು ಕಳಿಸಿದ್ದರು. ಗಂಡ ದಯಾಕರ ಫ್ಯಾನಿನ ವೇಗ ಹೆಚ್ಚಿಸಿ ಅಡ್ಡ ಮಗ್ಗುಲಾಗುತ್ತಿದ್ದ. ಮಗಳು ಸಾತ್ವಿಕಾ ಮಾತ್ರ ಕೇಳಿದಳು, ಹೇಗಾಗುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು. ಅವಳು ಮೂಡುಬಿದಿರೆಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಜಪಾನಿನ ಕಾರ್ಟೂನುಗಳನ್ನು ನೋಡಿ ಬೆಳೆದವಳು. ದೀಪಾವಳಿಗೆ ಬಂದಾಗ ತನ್ನ ಇಯರ್‌ಫೋನನ್ನು ತಾಯಿಯ ಕಿವಿಗೆ ಸಿಕ್ಕಿಸಿ, "ಇದನ್ನೊಮ್ಮೆ ಕೇಳು" ಎಂದಳು.

"ಎಂತ ಬೊಬ್ಬೆ ಇದು," ಎಂದು ಕಾಂತಿ ಕಿತ್ತು ಕೊಟ್ಟಿದ್ದಳು.

"ಹಾಡುವವಳಿಗೆ ನಿನಗಿಂತ ಪ್ರಾಯ ಹೆಚ್ಚು, ಅಮ್ಮ."

ಆ ಮಾತಿಗೆ ಕಾಂತಿ ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಮಗಳ ಮೊಬೈಲ್ ನೋಡಿದಳು. ಮೂವರು ಹೆಂಗಸರ ಬ್ಯಾಂಡ್ ಅದು. ಡ್ರಮ್ ಬಡಿಯುವವಳಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ಹಣೆಗೊಂದು ಟವೆಲ್ ಕಟ್ಟಿಕೊಂಡು, ಬೆವರು ಸುರಿಸುತ್ತಾ, ಯಾರ ಮೇಲೋ ಹಗೆ ತೀರಿಸುವವಳಂತೆ ಬಡಿಯುತ್ತಿದ್ದಳು. ಹಾಡಿನ ಅರ್ಥವನ್ನು ಸಾತ್ವಿಕಾ ಓದಿ ಹೇಳಿದಳು: ಚಹಾ ನೀನೇ ಮಾಡಿಕೋ, ನನ್ನ ಕೈ ಖಾಲಿ ಇಲ್ಲ. ಇಡೀ ಹಾಡು ಅಷ್ಟೇ. ಕಾಂತಿಗೆ ನಗು ಬಂತು. ಆಮೇಲೆ ಅಂಥ ಹೆಂಗಸರ ಒಂದೊಂದೇ ಬ್ಯಾಂಡನ್ನು ಮಗಳು ಮೊಬೈಲಿಗೆ ಕಳಿಸುತ್ತಾ ಹೋದಳು. ಮೈಯಲ್ಲಿ ಬೆಂಕಿ ಏಳುವಾಗ ಆ ಡ್ರಮ್ ಕೇಳಿದರೆ ಬೆಂಕಿಗೊಂದು ದಾರಿ ಸಿಕ್ಕಿದ ಹಾಗಾಗುತ್ತಿತ್ತು.

ಅದನ್ನೇ ರೋಹಿತ್ ಬಾಗಿಲ ಸಂದಿಯಿಂದ ಹಿಡಿದದ್ದು.

ಮಕ್ಕಳಿಬ್ಬರಲ್ಲಿ ರೋಹಿತ್ ದೊಡ್ಡವನು, ದೋಹಾದಲ್ಲಿ ಒಂದು ಹೋಟೆಲಿನ ಲೆಕ್ಕಪತ್ರ ನೋಡುವ ಕೆಲಸ. ಮದುವೆಗೆ ಹುಡುಗಿ ನೋಡಲೆಂದು ರಜೆಯಲ್ಲಿ ಬಂದಿದ್ದ. ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಅವರಿದ್ದ ಮನೆ ಕಾಂತಿಯ ತಾಯಿಯದು; ತಾಯಿ ತೀರಿಕೊಂಡ ಮೇಲೆ ಅವಳದು. ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಬಂದ ಸೋದರಮಾವ ಅಣ್ಣು ಶೆಟ್ಟರೂ ಅಲ್ಲೇ ಇದ್ದರು. ದಯಾಕರ ದಿನಾ ಪುಂಜಾಲಕಟ್ಟೆಗೆ ಹೋಗಿ ತನ್ನ ಹೋಟೆಲು ನಡೆಸುತ್ತಿದ್ದ. ಹೋಟೆಲಿನ ಬೋರ್ಡಿನಲ್ಲಿ ದಯಾಕರನ ಹೆಸರಿದ್ದರೂ ಜನ ಬರುತ್ತಿದ್ದದ್ದು ಕೋಳಿ ಸಾರಿಗೆ. ಆ ಸಾರಿನ ಮಸಾಲೆ ಹುರಿದು ಅರೆಯುತ್ತಿದ್ದವಳು ಕಾಂತಿ.

ಬಂಟ್ವಾಳದಿಂದ ಬಂದ ಸಂಜೆ ಊಟಕ್ಕೆ ಎಲ್ಲರೂ ಕೂತರು. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ, ಬಸಳೆ ಪಲ್ಯ. ಕಾಂತಿ ಸೌಟು ಪಾತ್ರೆಯಲ್ಲೇ ಇಟ್ಟು ನಿಂತಳು.

"ಅದನ್ನು ತೆಗಿ," ಎಂದಳು.

"ಯಾವುದನ್ನು?" ಎಂದ ರೋಹಿತ್.

"ಯಾವುದು ಅಂತ ನಿನಗೆ ಗೊತ್ತುಂಟು."

ರೋಹಿತ್ ನಕ್ಕ. "ಅಮ್ಮ, ಅದು ಕಾಮಿಡಿ. ಜನ ಎಷ್ಟು ಇಷ್ಟಪಟ್ಟಿದ್ದಾರೆ ನೋಡು. ದೋಹಾದಲ್ಲಿ ನಮ್ಮ ಮ್ಯಾನೇಜರ್ ಕೂಡ ನೋಡಿದ್ದಾರೆ. ನೀನೀಗ ಫೇಮಸ್."

"ನನ್ನನ್ನು ಫೇಮಸ್ ಮಾಡು ಅಂತ ನಿನ್ನತ್ರ ಹೇಳಿದ್ದೇನಾ?"

"ಕೇಳಿದ್ರೆ ನೀನು ಒಪ್ತಿರಲಿಲ್ಲ."

"ಅದಕ್ಕೇ ಕೇಳಬೇಕಿತ್ತು."

ದಯಾಕರ ಬಂಗುಡೆಯ ಮುಳ್ಳು ಬಿಡಿಸುತ್ತಾ ಹೇಳಿದ. "ಮೊದಲು ನೀನು ಅಂಥದ್ದೆಲ್ಲ ಕೇಳುವುದು ಯಾಕೆ? ಈ ಪ್ರಾಯದಲ್ಲಿ? ಕೇಳಲೇಬೇಕಾದರೆ ಭಜನೆ ಉಂಟು, ಯಕ್ಷಗಾನ ಉಂಟು."

"ನೀವು ಹೋಟೆಲಿನಲ್ಲಿ ಹಗಲಿಡೀ ಹಿಂದಿ ಪದ ಹಾಕ್ತೀರಿ. ನಿಮಗೆ ನನಗಿಂತ ಪ್ರಾಯ ಜಾಸ್ತಿ."

"ಅದು ಗಿರಾಕಿಗಳಿಗೆ ಹಾಕುವುದು."

"ಇದು ನನಗೆ ಹಾಕುವುದು."

ಅಣ್ಣು ಶೆಟ್ಟರು ಗಂಟಲು ಸರಿಮಾಡಿದರು. ಮೂಡುಬಿದಿರೆಯ ಸಂಬಂಧವನ್ನು ಹುಡುಕಿ ತಂದವರು ಅವರೇ. ಹುಡುಗಿ ಅನ್ವಿತಾ ಸಹಕಾರಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು, ತಾಯಿ ಶಾಲೆಯಲ್ಲಿ ಟೀಚರ್. "ಕಾಂತಿ, ಈಗ ಜಗಳ ಮಾಡುವ ಸಮಯ ಅಲ್ಲ. ಅವರು ಮರ್ಯಾದೆಯ ಜನ. ಹುಡುಗನ ತಾಯಿ ನೈಟಿಯಲ್ಲಿ ಕುಣಿಯುವವಳು ಅಂತ ಮಾತು ಬರಬಾರದು."

"ಕುಣಿದದ್ದಲ್ಲ ಮಾಮ, ದೋಸೆ ಹೊಯ್ಯುತ್ತಿದ್ದದ್ದು. ನನ್ನ ಅಡಿಗೆಕೋಣೆಯಲ್ಲಿ ನಾನು ಪಟ್ಟೆಸೀರೆ ಉಡಬೇಕಿತ್ತಾ?"

"ನೀನು ಮಾತಿಗೆ ಮಾತು ಕೊಡ್ತಿ."

"ಮತ್ತೆಂತ ಕೊಡ್ಲಿ?"

ಕೊನೆಗೆ ಆ ಮೇಜಿನಲ್ಲಿ ಗಂಡಸರು ಮೂವರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಫ್ರಿಜ್ಜಿನ ಮೇಲಿದ್ದ ಇಯರ್‌ಫೋನನ್ನು ದಯಾಕರ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡ. "ನಿಶ್ಚಿತಾರ್ಥ ಆಗುವವರೆಗೆ ಇದು ನನ್ನತ್ರ ಇರಲಿ," ಎಂದ.

"ವಿಡಿಯೋ?"

"ಅದು ತನ್ನಷ್ಟಕ್ಕೆ ಹಳತಾಗ್ತದೆ. ಜನ ಮರೀತಾರೆ."

ಕಾಂತಿ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ತಪ್ಪು ಮಾಡಿದವನ ಮೊಬೈಲ್ ಅವನ ಕೈಯಲ್ಲೇ ಇತ್ತು. ಅವಳ ಕಿವಿಯದ್ದನ್ನು ಕಿತ್ತುಕೊಂಡು ಮನೆಯ ಮರ್ಯಾದೆ ಉಳಿಸಿಯಾಗಿತ್ತು. ಸಾರಿನ ಪಾತ್ರೆಯನ್ನು ಮೇಜಿನ ನಡುವೆ ತಂದಿಟ್ಟು ಅವಳು ಹಿಂದಿನ ಜಗಲಿಗೆ ನಡೆದಳು. ಮಗನಿಗೆ ಎರಡನೇ ಸಲ ಅನ್ನ ಬಡಿಸಲು ಅಂದು ಯಾರೂ ಇರಲಿಲ್ಲ. ಮರುದಿನವೂ ಇರಲಿಲ್ಲ. ಅಡಿಗೆ ಎಲ್ಲವೂ ಆಗುತ್ತಿತ್ತು, ಹೋಟೆಲಿನ ಮಸಾಲೆಯೂ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ರೋಹಿತನ ಜೊತೆ ಮಾತ್ರ ಅವಳಿಗೆ ಒಂದೇ ಮಾತು.

"ಅಮ್ಮ, ನನ್ನ ಬಿಳಿ ಅಂಗಿ ಎಲ್ಲುಂಟು?"

"ವಿಡಿಯೋ ತೆಗಿ."

"ಉಪ್ಪಿನಕಾಯಿ ಮುಗೀತಾ?"

"ವಿಡಿಯೋ ತೆಗಿ."

ಒಂದು ಮಧ್ಯಾಹ್ನ ಪಕ್ಕದ ಮನೆಯ ಖದೀಜ ಪಾಗಾರದ ಗೋಡೆಯ ಹತ್ತಿರ ನಿಂತು ಕರೆದಳು. ಬಟ್ಟೆ ಹೊಲಿಯುವವಳು, ಕಾಂತಿಗಿಂತ ಎರಡು ವರ್ಷ ಸಣ್ಣವಳು. ಅವಳೂ ನಗಾಡಲು ಬಂದಿರಬೇಕೆಂದು ಕಾಂತಿ ಮುಖ ಬಿಗಿದುಕೊಂಡೇ ಹೋದಳು.

"ಕಾಂತಿಯಕ್ಕ, ಬೇಸರ ಮಾಡಬೇಡಿ. ಒಂದು ವಿಷಯ ಕೇಳ್ಲಿಕ್ಕುಂಟು."

"ಕೇಳು."

"ಅವತ್ತು ನೀವು ಕೇಳ್ತಿದ್ದ ಪದ ಯಾವುದು? ರೋಹಿತ್ ನಿಮ್ಮ ಸ್ವರ ತೆಗೆದು ನಗುವುದನ್ನು ಹಾಕಿದ್ದಾನೆ. ನಿಮ್ಮ ಮುಖ ನೋಡಿದರೆ ಏನೋ ಒಳ್ಳೆಯದೇ ಇರಬೇಕು ಅಂತ ಕಂಡಿತು. ನನಗೂ ಈಗ ಮೈಯೆಲ್ಲ ಉರಿ. ಮೆಷಿನ್ ತುಳಿಯುವಾಗ ಸೂಜಿ ಕಾಣುವುದಿಲ್ಲ, ಅಷ್ಟು ಬೆವರು."

ಇಷ್ಟು ಜನ ಆ ವಿಡಿಯೋ ನೋಡಿದ್ದರು. ಕಾಂತಿ ಏನು ಕೇಳುತ್ತಿದ್ದಳೆಂದು ಕೇಳಿದವಳು ಇವಳೊಬ್ಬಳೇ.

ಖದೀಜಳ ಮೊಬೈಲಿನಲ್ಲಿ, ಅವಳ ಜಗಲಿಯಲ್ಲೇ, ಟವೆಲ್ ಕಟ್ಟಿದವಳ ಬ್ಯಾಂಡ್ ಕೇಳಿದರು. ಖದೀಜಳಿಗೆ ಅದು ಹಿಡಿಸಲಿಲ್ಲ. "ತಲೆ ಒಡೀತದೆ," ಎಂದಳು. ಕಾಂತಿ ಯೋಚಿಸಿ ಇನ್ನೊಂದು ಹಾಕಿದಳು, ಕೆಂಪು ಕನ್ನಡಕದವಳ ಬ್ಯಾಂಡ್. ಅದರಲ್ಲಿ ಗಿಟಾರು ಮೆಲ್ಲಗೆ ಬಂದು, ನಡುವಿನಲ್ಲಿ ಒಮ್ಮೆಲೇ ಏರುತ್ತದೆ. ಮೆಷಿನ್ ತುಳಿಯುತ್ತಲೇ ಖದೀಜ ಅದನ್ನು ಕೊನೆಯವರೆಗೆ ಕೇಳಿದಳು. "ಇದು ಆಗ್ತದೆ," ಎಂದಳು.

ಆಮೇಲೆ ಸುಮತಿ ಬಂದಳು, ಬೀಡಿ ಕಟ್ಟುವವಳು. ಅವಳು ಎಲೆ, ಹೊಗೆಸೊಪ್ಪಿನ ಮೊರದೊಡನೆ ಕೂತು, ಟವೆಲ್‌ನವಳ ಡ್ರಮ್ಮಿಗೆ ಕೈ ಓಡುತ್ತದೆಂದು ಅದನ್ನೇ ಬೇಕೆಂದಳು. ಅಂಗನವಾಡಿಯ ಶಾಹಿದಾ ಟೀಚರಿಗೆ ಅಕ್ಕತಂಗಿಯರ ಬ್ಯಾಂಡ್ ಒಗ್ಗಿತು. ಅದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಜಗಳ ಮಾಡಿದ ಹಾಗೆ ಹಾಡುತ್ತಾರೆ. ಬ್ಯಾಂಡುಗಳ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. "ನಿದ್ದೆ ಬಾರದವರಿಗೆ ಯಾವುದು?" "ಅತ್ತೆಯ ಮೇಲೆ ಸಿಟ್ಟು ಬಂದರೆ?" ಎಂದು ಅವರು ಕೇಳುವುದು, ಕಾಂತಿ ಮುಖ ನೋಡಿ, ಯೋಚಿಸಿ, ಇದನ್ನು ಕೇಳು ಎನ್ನುವುದು. ಸರಿಹೋಗದಿದ್ದರೆ ಮರುದಿನ ಬೇರೆಯದು. ಸಾತ್ವಿಕಾ ಫೋನಿನಲ್ಲಿ ಇದನ್ನೆಲ್ಲ ಕೇಳಿ ನಕ್ಕಳು, ಆಮೇಲೆ ಗಂಭೀರವಾಗಿ ಕೇಳಿದಳು:

"ಅಣ್ಣ ಅದನ್ನು ತೆಗೆದನಾ?"

"ಇಲ್ಲ."

"ನಾನು ಹೇಳ್ತೇನೆ ಅವನತ್ರ."

"ಬೇಡ. ನಾನು ಹೇಳಿದ್ದು ಅವನಿಗೆ ಕೇಳಬೇಕು. ನೀನು ಹೇಳಿದ್ದಲ್ಲ."

ಮೂಡುಬಿದಿರೆಗೆ ಹೋಗುವ ಆದಿತ್ಯವಾರ ಬಂತು. ಕಾರಿನಲ್ಲಿ ಮುಂದೆ ದಯಾಕರ ಮತ್ತು ಅಣ್ಣು ಶೆಟ್ಟರು, ಹಿಂದೆ ತಾಯಿ ಮಗ. ವೇಣೂರು ದಾಟಿದ ಮೇಲೆ ದಯಾಕರ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ.

"ಆ ವಿಡಿಯೋದ ಮಾತು ಬಂದ್ರೆ, ಮನೆಯವರೆಲ್ಲ ಸೇರಿ ತಮಾಷೆಗೆ ಮಾಡಿದ್ದು ಅಂತ ಹೇಳುವ. ಆಯ್ತಾ?"

"ನಾನು ಸೇರಿಲ್ಲ."

"ಒಂದು ಮಾತು ಹೇಳಿದ್ರೆ ಎಂತ ಹೋಗ್ತದೆ ನಿನಗೆ?" ಎಂದರು ಅಣ್ಣು ಶೆಟ್ಟರು. "ಮಗನ ಜೀವನದ ಪ್ರಶ್ನೆ."

ರೋಹಿತ್ ಕಿಟಕಿಯ ಕಡೆ ತಿರುಗಿ ಹೇಳಿದ. "ಅನ್ವಿತಾ ಫೋನಿನಲ್ಲಿ ಕೇಳಿದ್ಳು. ಅಮ್ಮನೇ ಹೇಳಿ ಮಾಡಿಸಿದ್ದು ಅಂತ ಹೇಳಿದ್ದೇನೆ. ಈಗ ನೀನು ಬೇರೆ ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗೆ ಆಗ್ತದೆ."

ಕಾಂತಿ ಅವನ ಕಡೆ ತಿರುಗಿದಳು. ತನ್ನ ಮೈಯನ್ನು ಊರಿಗೆ ತೋರಿಸಿದ್ದಷ್ಟೇ ಅಲ್ಲದೆ, ತೋರಿಸು ಎಂದು ತಾನೇ ಹೇಳಿದ್ದಾಗಿ ಇವನು ಸಾರಿದ್ದಾನೆ. ಮಗ ಹೊಸ ಅಂಗಿ ಹಾಕಿದ್ದ. ಕುತ್ತಿಗೆಯ ಹತ್ತಿರ ಕ್ಷೌರದ ಗಾಯವಿತ್ತು. ಆದರೂ ಇವನಿಗೊಂದು ಒಳ್ಳೆಯ ಹುಡುಗಿ ಸಿಗಲಿ ಎಂದು ಅವಳಿಗೂ ಆಸೆಯಿತ್ತು. ವಿಡಿಯೋದ ಮಾತೇ ಬಾರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಸಾತ್ವಿಕಾ ನೇರವಾಗಿ ಅಲ್ಲಿಗೇ ಬಂದಿದ್ದಳು. ಹುಡುಗಿಯ ತಾಯಿ ವನಜಾಕ್ಷಿ ಟೀಚರ್ ಬನ್ಸ್, ಗೋಳಿಬಜೆ, ಕಾಫಿ ತಂದಿಟ್ಟರು. ದೋಹಾದ ಸೆಕೆ, ಮೂಡುಬಿದಿರೆಯ ಟ್ರಾಫಿಕ್ಕು, ಅಣ್ಣು ಶೆಟ್ಟರ ಮುಂಬಯಿ, ಎಲ್ಲ ಸರಾಗವಾಗಿ ನಡೆಯಿತು. ಅನ್ವಿತಾ ತಾಯಿಯ ಪಕ್ಕ ಕೂತಿದ್ದಳು. ಹೆಚ್ಚು ಮಾತಿನವಳಲ್ಲ, ಆದರೆ ಮಾತಾಡಿದವರನ್ನು ನೆಟ್ಟಗೆ ನೋಡುವವಳು.

ವನಜಾಕ್ಷಿ ಟೀಚರೇ ನಗುತ್ತಾ ಶುರು ಮಾಡಿದರು. "ನಿಮ್ಮ ವಿಡಿಯೋ ನಾವೂ ನೋಡಿದ್ದೇವೆ. ನೀವು ತುಂಬ ಜಾಲಿ ಅಂತ ಕಾಣ್ತದೆ."

"ಎಲ್ಲ ಮನೆಯವರ ತಮಾಷೆ," ಎಂದು ದಯಾಕರ ಕಾಫಿ ಕುಡಿಯುವ ಮೊದಲೇ ಹೇಳಿ ಮುಗಿಸಿದ.

ಅನ್ವಿತಾ ಕಾಂತಿಯ ಕಡೆ ತಿರುಗಿದಳು. "ಆಂಟಿ, ಅದನ್ನು ಹಾಕುವ ಮೊದಲು ನೀವು ನೋಡಿದ್ದೀರಾ?"

ಗೋಳಿಬಜೆಯ ತಟ್ಟೆಯ ಸುತ್ತ ಎಲ್ಲರ ಕೈಯೂ ನಿಂತಿತು. ಕಾಂತಿ ಮಗನನ್ನು ನೋಡಿದಳು. ಅವನು ಅವಳನ್ನು ನೋಡಿದ್ದರೆ, ಕಣ್ಣಿನಲ್ಲಾದರೂ ಒಮ್ಮೆ ಕೇಳಿಕೊಂಡಿದ್ದರೆ, ಅವಳು ಬಹುಶಃ ಹೌದು ಎಂದುಬಿಡುತ್ತಿದ್ದಳು. ಅವನು ಮೊಬೈಲ್ ನೋಡುತ್ತಿದ್ದ.

"ಇಲ್ಲ ಮಗಾ," ಎಂದಳು ಕಾಂತಿ. "ನನ್ನತ್ರ ಕೇಳ್ಲಿಲ್ಲ. ಹಾಕಿದ ಮೇಲೂ ನನಗೆ ಹೇಳ್ಲಿಲ್ಲ. ಸೀಮಂತದ ಊಟದಲ್ಲಿ ಬೇರೆಯವರು ತೋರಿಸಿದ್ದು. ಅವತ್ತಿಂದ ತೆಗಿ ಅಂತ ಹೇಳ್ತಾ ಇದ್ದೇನೆ. ಇನ್ನೂ ಉಂಟು."

"ಹೌದು, ಇವತ್ತು ಬೆಳಿಗ್ಗೆ ಕೂಡ ಇತ್ತು," ಎಂದಳು ಅನ್ವಿತಾ ಮೆಲ್ಲಗೆ.

ಅಣ್ಣು ಶೆಟ್ಟರಿಗೆ ಕೆಮ್ಮು ಬಂತು. ಮತ್ತೊಂದು ಸುತ್ತು ಕಾಫಿ ಬಂತು, ಯಾರೂ ಮುಟ್ಟಲಿಲ್ಲ. ಹೊರಡುವಾಗ ವನಜಾಕ್ಷಿ ಟೀಚರ್ "ಫೋನ್ ಮಾಡ್ತೇವೆ" ಎಂದರು, ಗೇಟಿನವರೆಗೆ ಬರಲಿಲ್ಲ.

ಸಾತ್ವಿಕಾಳನ್ನು ಅವಳ ಬಾಡಿಗೆ ಮನೆಗೆ ಬಿಡಬೇಕಿತ್ತು. ಕಾರು ತಿರುವು ದಾಟುವುದೇ ತಡ, ದಯಾಕರ ಶುರು ಮಾಡಿದ.

"ತಾಯಿಯಾಗಿ ಮಗನ ಮದುವೆ ಮುರಿದಿ. ಈಗ ಹೊಟ್ಟೆ ತಣ್ಣಗಾಯ್ತಾ?"

"ಅವಳು ಕೇಳಿದ್ಳು, ನಾನು ಹೇಳಿದೆ."

"ಒಂದು ಸುಳ್ಳು ಹೇಳ್ಲಿಕ್ಕೆ ನಿನ್ನ ನಾಲಿಗೆ ಏಳುವುದಿಲ್ಲ. ಜಪಾನಿನವರ ಒಟ್ಟಿಗೆ ಕಿರುಚಲಿಕ್ಕೆ ಆಗ್ತದೆ."

"ಅಪ್ಪ, ಸಾಕು," ಎಂದಳು ಸಾತ್ವಿಕಾ.

"ನೀನು ಬಾಯಿ ಮುಚ್ಚು. ಇದೆಲ್ಲ ತಲೆಗೆ ತುಂಬಿಸಿದವಳು ನೀನೇ."

ರೋಹಿತ್ ಆಗ ಬಾಯಿ ಬಿಟ್ಟ. "ಅಮ್ಮನಿಗೆ ನನ್ನ ಮೇಲೆ ಹಗೆ. ಅಷ್ಟೇ."

ಕಾರು ಸಾತ್ವಿಕಾಳ ಮನೆಯ ಮುಂದೆ ನಿಂತಿತು. ಮಗಳು ಇಳಿದಳು. ಅವಳ ಹಿಂದೆಯೇ ಕಾಂತಿಯೂ ಇಳಿದಳು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ಮುಚ್ಚಿದಳು.

"ಎಲ್ಲಿಗೆ?" ಎಂದ ದಯಾಕರ.

"ನಾನು ಇಲ್ಲಿರ್ತೇನೆ."

"ನಾಳೆಗೆ ಮಸಾಲೆ?"

ಕಾಂತಿ ಕಿಟಕಿಯವರೆಗೆ ಬಗ್ಗಿದಳು. ಇಷ್ಟೆಲ್ಲ ಆದ ಮೇಲೆ ಈ ಮನುಷ್ಯನಿಗೆ ಹೊಳೆದ ಮೊದಲ ಪ್ರಶ್ನೆ ಅದೇ ಎಂದು ಅವಳಿಗೆ ನಂಬಲಾಗಲಿಲ್ಲ. "ಕೊತ್ತಂಬರಿ, ಮೆಣಸು, ಜೀರಿಗೆ ಎಲ್ಲ ಡಬ್ಬಿಯಲ್ಲುಂಟು," ಎಂದಳು. "ಹುರಿದುಕೊಳ್ಳಿ."

ಸಾತ್ವಿಕಾ ತನ್ನ ಜೊತೆ ಪಾಠ ಮಾಡುವ ಶುಭಶ್ರೀಯೊಡನೆ ಅಲ್ಲಿದ್ದಳು. ಎರಡು ಕೋಣೆ, ಒಂದು ಗ್ಯಾಸಿನ ಒಲೆ. ಹುಡುಗಿಯರು ಕಾಲೇಜಿಗೆ ಹೋದ ಮೇಲೆ ಕಾಂತಿಗೆ ಮಾಡಲು ಕೆಲಸವೇ ಇರಲಿಲ್ಲ. ಮೊದಲ ದಿನ ಆ ಮನೆಯ ಪಾತ್ರೆಗಳನ್ನೆಲ್ಲ ಉಜ್ಜಿದಳು. ಮರುದಿನ ಪೇಟೆ ಸುತ್ತಿದಳು. ಆಮೇಲೆ ಹಗಲೇ ಮಲಗಿ ನಿದ್ದೆ ಮಾಡಿದಳು, ಎರಡು ವರ್ಷದಲ್ಲಿ ಮಾಡದಂಥ ನಿದ್ದೆ. ಮದುವೆಯಾದ ಮೇಲೆ ಹೆರಿಗೆ, ಆಸ್ಪತ್ರೆ ಬಿಟ್ಟು ಅವಳು ಮನೆಯಿಂದ ಹೊರಗೆ ಉಳಿದದ್ದು ಇದೇ ಮೊದಲು.

ದಯಾಕರನ ಫೋನು ದಿನಾ ಬರುತ್ತಿತ್ತು.

"ಮೆಣಸು ಕಪ್ಪಾಗಿದೆ. ಎಷ್ಟು ಹೊತ್ತು ಹುರಿಯುವುದು?"

"ಪರಿಮಳ ಬರುವವರೆಗೆ."

"ಗಿರಾಕಿಗಳು ಕೋಳಿ ಸಾರು ಸರಿಯಿಲ್ಲ ಅಂತಾರೆ. ಯಾವಾಗ ಬರ್ತಿ?"

"ವಿಡಿಯೋ ತೆಗೆಸಿದ್ರಾ?"

ಫೋನು ಕಟ್ಟಾಗುತ್ತಿತ್ತು.

ಒಂದು ವಾರ ಕಳೆದ ಮೇಲೆ ಅಣ್ಣು ಶೆಟ್ಟರೇ ಬಸ್ಸು ಹಿಡಿದು ಬಂದರು. ಕೊಡೆಯನ್ನು ಮೂಲೆಗಿಟ್ಟು ಕುರ್ಚಿಯಲ್ಲಿ ಕೂತು ನೀರು ಕುಡಿದರು. ಹುಡುಗಿಯ ಮನೆಯವರು ಬೇಡ ಎಂದಿದ್ದರು.

"ಎಂತ ಹೇಳಿದ್ರು?" ಎಂದು ಕೇಳಿದಳು ಕಾಂತಿ.

ಅಣ್ಣು ಶೆಟ್ಟರು ನೀರಿನ ಲೋಟವನ್ನು ಕೆಳಗಿಟ್ಟರು. "ಹುಡುಗಿ ಹೇಳಿದ್ಳಂತೆ, ಹೆತ್ತವಳನ್ನೇ ಕೇಳದೆ ಹೀಗೆ ಮಾಡಿದವ ನಾಳೆ ನನ್ನನ್ನು ಎಂತ ಮಾಡಿಯಾನು ಅಂತ." ಆಮೇಲೆ ಕೂಡಲೇ, "ಅದು ಹೋಗಲಿ. ರೋಹಿತ್ ಅದನ್ನು ಈಗ ತೆಗೆದಿದ್ದಾನೆ. ಇನ್ನು ಮನೆಗೆ ಹೋಗುವ. ಅಲ್ಲಿ ಊಟ ಸರಿಯಿಲ್ಲ."

"ಯಾವಾಗ ತೆಗೆದ?"

"ಅವರ ಫೋನು ಬಂದ ದಿನ."

ಕಾಂತಿ ಎದ್ದು ನಿಂತಳು. "ಅಷ್ಟು ದಿನ ನಾನು ಹೇಳಿದೆ, ತೆಗೀಲಿಲ್ಲ. ಗುರುತಿಲ್ಲದ ಒಬ್ಬಳು ಹುಡುಗಿ ಬೇಡ ಅಂದ ಕೂಡಲೇ ತೆಗೆದ. ಇನ್ನೊಂದು ಸಂಬಂಧ ನೋಡ್ಲಿಕ್ಕೆ ಅಡ್ಡ ಆಗ್ತದೆ ಅಂತ. ನಾನು ಅವನಿಗೆ ಯಾರು ಹಾಗಾದ್ರೆ, ಮಾಮ?"

"ಇಷ್ಟು ಸಣ್ಣ ವಿಷಯಕ್ಕೆ ಮನೆ ಬಿಟ್ಟು ಕೂತುಕೊಳ್ಳುವುದಾ?"

"ಸಣ್ಣದಾದರೆ ಮೊದಲ ದಿನವೇ ತೆಗೀಲಿಕ್ಕೆ ಎಂತ ಕಷ್ಟ ಇತ್ತು?"

ಮುದುಕರಿಗೆ ಸಿಟ್ಟು ಬಂತು. "ಅವನೊಬ್ಬನ ಮೇಲೆ ಯಾಕೆ ಹಾರ್ತಿ? ದಯಾಕರ ಎಂತ ಮಾಡಿದ? ಹೋಟೆಲಿನ ಕೌಂಟರಿನಲ್ಲಿ ಬಂದವರಿಗೆಲ್ಲ ತೋರಿಸಿ, ನೋಡಿ ನಮ್ಮ ಮನೆಯ ಅವಸ್ಥೆ ಅಂತ ನಗಾಡಲಿಲ್ವಾ? ಎಲ್ಲರೂ ನಗಾಡಿದ್ದಾರೆ. ನಾನೂ ನಗಾಡಿದ್ದೇನೆ. ಅದರಲ್ಲಿ ಎಂತ ಉಂಟು?"

ಅಣ್ಣು ಶೆಟ್ಟರಿಗೆ ತಾವು ಹೇಳಬಾರದ್ದನ್ನು ಹೇಳಿದ್ದು ಕಾಂತಿಯ ಮುಖ ನೋಡಿದ ಮೇಲೆ ತಿಳಿಯಿತು. ಕೊಡೆ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಆ ಸಂಜೆ ಸಾತ್ವಿಕಾ ಬಂದಾಗ ತಾಯಿ ಸೀರೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು.

"ಹೋಗ್ತಿಯಾ? ಅವರು ಯಾರೂ ಒಂದು ಕ್ಷಮೆ ಕೂಡ ಕೇಳಿಲ್ಲ, ಅಮ್ಮ. ಇಲ್ಲೇ ಇರು."

"ಅದು ನನ್ನ ಅಮ್ಮನ ಮನೆ. ನಾನು ಯಾಕೆ ಹೊರಗಿರಬೇಕು?" ಎಂದಳು ಕಾಂತಿ. "ಕೇಳಬೇಕಾದವರು ಅಲ್ಲಿದ್ದಾರೆ. ಇಲ್ಲಿ ಕೂತರೆ ಯಾರು ಕೇಳುವುದು?"

ಮನೆ ತಲುಪಿದಾಗ ಅಡಿಗೆಕೋಣೆಯಲ್ಲಿ ಕರಟಿದ ಮೆಣಸಿನ ಘಾಟು ಇನ್ನೂ ಹೋಗಿರಲಿಲ್ಲ. ಸಿಂಕಿನ ತುಂಬ ಪಾತ್ರೆ. ಅವುಗಳನ್ನು ಮುಟ್ಟದೆ ಕಾಂತಿ ಒಂದು ಲೋಟ ತೊಳೆದು, ತನಗೊಬ್ಬಳಿಗೆ ಚಹಾ ಮಾಡಿಕೊಂಡಳು. ರೋಹಿತ್ ಬಂದು ಬಾಗಿಲಿಗೆ ಒರಗಿ ನಿಂತ. ಗಡ್ಡ ಬಂದಿತ್ತು. ಹಿಂದೆ ಯಾರಾದರೂ ಇದ್ದಾರೋ ಎಂದು ಒಮ್ಮೆ ತಿರುಗಿ ನೋಡಿ, ತಗ್ಗಿದ ಸ್ವರದಲ್ಲಿ, "ಸಾರಿ ಅಮ್ಮ," ಎಂದ.

"ಎಂತದಕ್ಕೆ?"

"ಅದಕ್ಕೇ. ವಿಡಿಯೋಕ್ಕೆ."

"ಹಾಕುವಾಗ ಊರಿಗೆಲ್ಲ ಹಾಕಿದ್ದಿ. ಸಾರಿ ಮಾತ್ರ ನನ್ನೊಬ್ಬಳ ಕಿವಿಗೆ ಹೇಳ್ತಿಯಾ?"

"ಮತ್ತೆಂತ ಮಾಡ್ಲಿ?"

"ಎಲ್ಲಿ ನಗಾಡಿಸಿದ್ದಿಯೋ ಅಲ್ಲೇ ಹೇಳು. ನಿನ್ನ ಮುಖ ತೋರಿಸಿ."

ರೋಹಿತನ ಮುಖ ಕೆಂಪಾಯಿತು. "ನನ್ನ ಫ್ರೆಂಡ್ಸೆಲ್ಲ ನೋಡ್ತಾರೆ. ದೋಹಾದವರು ನೋಡ್ತಾರೆ. ನನಗೆ ಮುಖ ಎತ್ತಿ ನಡೀಲಿಕ್ಕೆ ಆಗ್ಲಿಕ್ಕಿಲ್ಲ."

"ನಾನು ಬಂಟ್ವಾಳದ ಆ ಸೀಮಂತದ ಮನೆಯಿಂದ ಮುಖ ಎತ್ತಿಕೊಂಡೇ ಹೊರಗೆ ಬಂದಿದ್ದೇನೆ," ಎಂದಳು ಕಾಂತಿ. "ಆಗ್ತದೆ. ಕಷ್ಟ ಆಗ್ತದೆ, ಆದರೆ ಆಗ್ತದೆ."

ಅವನು ಎರಡು ದಿನ ತಿರುಗಾಡಿದ. ಅಣ್ಣು ಶೆಟ್ಟರ ಹತ್ತಿರ ಹೇಳಿದ, ಅಪ್ಪನ ಹತ್ತಿರ ಹೇಳಿದ, ತಂಗಿಗೆ ಫೋನು ಮಾಡಿ ಬೈದ. ಕಾಂತಿ ತನಗೆ ಬೇಕಾದಷ್ಟೇ ಅಡಿಗೆ ಮಾಡಿಕೊಂಡು ಮಧ್ಯಾಹ್ನ ಖದೀಜಳ ಜಗಲಿಗೆ ಹೋಗುತ್ತಿದ್ದಳು. ಮೂರನೆಯ ಸಂಜೆ ರೋಹಿತ್ ಹಜಾರದ ಕಿಟಕಿಯ ಬೆಳಕಿನಲ್ಲಿ ನಿಂತು ಮೊಬೈಲನ್ನು ತನ್ನ ಕಡೆ ಹಿಡಿದುಕೊಂಡ. ಮೊದಲ ಸಲ, "ಕೆಲವರಿಗೆ ಬೇಸರ ಆಗಿದ್ದರೆ" ಎಂದು ಶುರು ಮಾಡಿದ.

"ಕೆಲವರಿಗಲ್ಲ. ನನಗೆ," ಎಂದಳು ಕಾಂತಿ ಕುರ್ಚಿಯಿಂದ.

ಎರಡನೇ ಸಲ ನಗಲು ನೋಡಿದ, ನಗು ಬರಲಿಲ್ಲ. ಆಮೇಲೆ ಹೇಳಿದ: ಅಮ್ಮ ಅಡಿಗೆ ಮಾಡುವಾಗ ಅವರಿಗೆ ಗೊತ್ತಿಲ್ಲದೆ ವಿಡಿಯೋ ಮಾಡಿದೆ, ಕೇಳದೆ ಹಾಕಿದೆ, ತೆಗಿ ಎಂದರೂ ತೆಗೆಯಲಿಲ್ಲ, ಅವರೇ ಮಾಡಿಸಿದ್ದು ಎಂದು ಸುಳ್ಳು ಹೇಳಿದೆ. ಅದು ತಪ್ಪು. ಕೊನೆಯ ಮಾತಿಗೆ ಅವನ ಸ್ವರ ಒಡೆಯಿತು. ಅದನ್ನು ಕತ್ತರಿಸದೆ ಹಾಗೆಯೇ ಹಾಕಿದ. ಮೊದಲಿನದನ್ನು ನೋಡಿದವರಲ್ಲಿ ಇದನ್ನು ನೋಡಿದವರು ಕೆಲವೇ ಜನ. ಕುಸುಮ ಫೋನು ಮಾಡಿ, "ಪಾಪ, ಹುಡುಗನಿಂದ ಹೀಗೆಲ್ಲ ಯಾಕೆ ಹೇಳಿಸಿದ್ದು?" ಎಂದಳು. "ನಿನಗೆ ಆಗ ಪಾಪ ಅಂತ ಅನಿಸ್ಲಿಲ್ಲ," ಎಂದು ಕಾಂತಿ ಫೋನಿಟ್ಟಳು.

ದಯಾಕರ ಹೋಟೆಲು ಮುಚ್ಚಿ ಬಂದವನು ಮಗನ ಮೊಬೈಲಿನಲ್ಲಿ ಅದನ್ನು ಪೂರ್ತಿ ನೋಡಿದ. ಕೈಕಾಲು ತೊಳೆದು ಬಂದು ಕುರ್ಚಿಗೆ ಒರಗಿ ದೊಡ್ಡ ಉಸಿರು ಬಿಟ್ಟ. ಅಣ್ಣು ಶೆಟ್ಟರು ಪೇಪರು ಬಿಡಿಸಿಕೊಂಡಿದ್ದರು.

"ಆಯ್ತಲ್ಲ? ಮಗನನ್ನು ಬಗ್ಗಿಸಿದಿ. ಇನ್ನು ಈ ವಿಷಯ ಇಲ್ಲಿಗೆ ಮುಗೀತು," ಎಂದ ದಯಾಕರ.

"ಅವನದ್ದು ಮುಗೀತು," ಎಂದಳು ಕಾಂತಿ. "ನೀವು ಕೌಂಟರಿನಲ್ಲಿ ಕೂತು, ಚಹಾಕ್ಕೆ ಬಂದವರಿಗೆಲ್ಲ ನನ್ನನ್ನು ತೋರಿಸಿ ನಗಾಡಿದ್ರಲ್ಲ. ಅದಕ್ಕೆ ಎಂತ ಮಾಡುವ?"

ದಯಾಕರ ಅಣ್ಣು ಶೆಟ್ಟರ ಕಡೆ ನೋಡಿದ. ಪೇಪರು ಅವರ ಮುಖಕ್ಕೆ ಇನ್ನಷ್ಟು ಹತ್ತಿರ ಹೋಯಿತು. ಮಗನ ಕಡೆ ನೋಡಿದ. ಮೆಟ್ಟಿಲ ಬುಡದಲ್ಲಿ ನಿಂತಿದ್ದ ರೋಹಿತ್ ಕಣ್ಣು ತಗ್ಗಿಸಲಿಲ್ಲ. ಅವನೂ ಉತ್ತರಕ್ಕೆ ಕಾಯುವವನಂತೆ ಅಪ್ಪನನ್ನೇ ನೋಡುತ್ತಿದ್ದ.

"ಅದು... ಯಾರೋ ಕೇಳಿದ್ರು, ತೋರಿಸಿದೆ," ಎಂದ ದಯಾಕರ. "ಅಷ್ಟು ದೊಡ್ಡ ವಿಷಯ..."

ಕಾಂತಿ ಕುರ್ಚಿ ಎಳೆದು ಅವನೆದುರು ಕೂತಳು.

"ಹೇಳಿ," ಎಂದಳು. "ಪೂರ್ತಿ ಹೇಳಿ. ನನಗೆ ಅವಸರ ಇಲ್ಲ."